ಹನ್ನೊಂದರ ಬಿಸಿಲು

ಐದು ದಿನದ ತರಬೇತಿ, ಕೊಡಿಯಾಲಬೈಲಿನಲ್ಲಿ.
ಬೆಂಗ್ರೆಯಿಂದ ಎಂಟರ ದೋಣಿ ಹತ್ತಿದರೆ
ನನಗಿಂತ ಮೊದಲು ಸೀರೆಯ ಬಂಗುಡೆ ವಾಸನೆ
ಹಾಜರಿ ಹಾಕುತ್ತಿತ್ತು.

ಮೊದಲ ದಿನ ಚಾರ್ಟು, ಗೋಂದು, ಸ್ಕೆಚ್ ಪೆನ್ನು.
ಎರಡನೇ ದಿನ ಬನ್ಸು ಒಳ್ಳೆಯದಿತ್ತು.

ಮೂರನೇ ದಿನ ಆ ಹುಡುಗ, ಸಂಪನ್ಮೂಲ ವ್ಯಕ್ತಿಯಂತೆ,
ನಾನು ಮೊದಲು ಮಗ್ಗಿ ಹೇಳಿಕೊಟ್ಟವರ ಪ್ರಾಯ,
'ಈಗ ನೀವೆಲ್ಲ ಮಕ್ಕಳು ಟೀಚರ್' ಎಂದ.
ಇಪ್ಪತ್ತಾರು ವರ್ಷ ನಿಂತ ಕಾಲು
ಹಿಂದಿನ ಬೆಂಚಿಗೆ ಹೋಯಿತು, ಕಿಟಕಿ ಪಕ್ಕ.

ಹನ್ನೊಂದರ ಬಿಸಿಲು ಬೋರ್ಡಿಗೆ ಬಿದ್ದು
ಅರ್ಧ ಲೆಕ್ಕ ನುಂಗಿತು.
ಕಾಣುವುದಿಲ್ಲ ಎನ್ನಬೇಕು. ಎನ್ನಲಿಲ್ಲ.
ಎಲ್ಲರೂ ತಿರುಗಿ ನೋಡುತ್ತಾರಲ್ಲ.
ಪಕ್ಕದ ವಾರಿಜ ಟೀಚರ್ ಪುಸ್ತಕಕ್ಕೆ ಕಣ್ಣು ಹಾಕಿ
ಮೆಲ್ಲ ಬರೆದುಕೊಂಡೆ.

ಆಗ ತೌಸೀಫ್.
ಜುಲೈಯಿಂದ ಹೀಗೇ ಬರೆಯುವ ತೌಸೀಫ್,
ನಾನು ಕಿವಿ ಹಿಂಡಿ
ಕಳ್ಳ ಎಂದ ತೌಸೀಫ್.

ಸಮಾರೋಪದಲ್ಲಿ ಶಾಲು, ಹಣ್ಣಿನ ಬುಟ್ಟಿ
ಬೇರೆ ಯಾರಿಗೋ. ಚಪ್ಪಾಳೆ ತಟ್ಟಿದೆ,
ಸ್ವಲ್ಪ ಹೊಟ್ಟೆಯುರಿಯಿತು, ಸುಳ್ಳು ಯಾಕೆ.
ನನ್ನ ಪ್ರಮಾಣಪತ್ರದಲ್ಲಿ
ಐರಿನ್ ಮಿನೇಜಸ್ ಹೋಗಿ ಐರನ್ ಮಿನೇಜಸ್.
'ಬೇರೆ ಪ್ರಿಂಟ್ ಕೊಡುವಾ?' ಎಂದರು.
ಬೇಡ, ಕೆಂಪು ಪೆನ್ನು ನನ್ನ ಬ್ಯಾಗಲ್ಲೇ ಉಂಟು.

ಸೋಮವಾರ, ಇಂಟರ್ವೆಲ್.
ಮಕ್ಕಳೆಲ್ಲ ಹೊರಗೆ, ಹೊಯ್ಗೆಯಲ್ಲಿ.
ಮೊಣಕಾಲು ಮಡಚಿ ಅವನ ಬೆಂಚಿನಲ್ಲಿ ಕೂತೆ.
ಏಳರಿಂದ ಭಾಗಿಸು, ಅಷ್ಟೇ ಕಾಣುತ್ತದೆ;
ಯಾವುದನ್ನು ಎಂಬುದು ಬಿಸಿಲಲ್ಲಿ.

ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು.
ಒಂದು ಕೈ ಆಗಲೇ ಕಿವಿಯ ಮೇಲೆ.
'ಟೀಚರ್, ಅದು ನನ್ನ ಜಾಗ.'