ಎರಡನೇ ಬದಿ, ಮೂರನೇ ಹಾಡು

ತಾಲಿನ್. ರೈಲುನಿಲ್ದಾಣದ ಹಿಂದಿನ ಹಳೇ ಸಾಮಾನಿನ ಸಾಲು.
ಹೆಲ್ವಿ ರೆಕಾರ್ಡನ್ನು ಅಂಚಲ್ಲೇ ಹಿಡಿದು
ದೀಪದಡಿ ಓರೆ ಮಾಡುತ್ತಾಳೆ.
ಗೀರು ಕಂಡರೆ ಕಣ್ಣನ್ನು ನಂಬುವವಳಲ್ಲ,
ಉಗುರಾಡಿಸುತ್ತಾಳೆ. ಉಗುರು ಎಡವಿದಲ್ಲಿ
ಮುಳ್ಳೂ ಎಡವುತ್ತದೆ.

ಸಿ.ಡಿ.ಯಾದರೆ ಬಲ್ಬಿಗೆ ಹಿಡಿದರಾಯಿತು:
ಬೆಳ್ಳಿಯಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿದರೂ
ಬುಟ್ಟಿಗೆ.

ನಡುತೂತಿನ ಸುತ್ತ ತಡಕಾಡಿದ ಗೆರೆಗಳು,
ಕತ್ತಲಲ್ಲಿ ಬೀಗದ ಕೈ ಬಾಗಿಲನ್ನು ಗೀಚಿದ ಹಾಗೆ.
ಯಾರೋ ಕುಡಿದು ಹಾಕಿದ್ದಾರೆ, ಹಲವು ರಾತ್ರಿ.

ಇವತ್ತು ಕಾರ್ಮೊ ಎಂಬ ಹುಡುಗ
ತೀರಿಹೋದ ಸೋದರತ್ತೆಯ ಪೆಟ್ಟಿಗೆ ತಂದ.
ನಲವತ್ತೊಂದು. ಎಲ್ಲ ಹೊಸದರಂತೆ,
ಒಂದರ ಹೊರತು:
ಎರಡನೇ ಬದಿ, ಮೂರನೇ ಹಾಡಷ್ಟೇ
ಬೂದಿ ಬಳಿದಂತೆ ಸವೆದಿದೆ,
ಆಚೀಚಿನವು ಕಪ್ಪಗೆ ಮಿರುಗುತ್ತಿವೆ.

"ಅತ್ತೆ ಹಾಡು ಕೇಳಿದ್ದನ್ನೇ ನಾ ಕಾಣೆ" ಅಂದ.

ಹೆಲ್ವಿ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ
ನಲವತ್ತಕ್ಕೆ ಬೆಲೆ ಬರೆದಳು.
ಆಮೇಲೆ: ಹೊದಿಕೆ, ಉತ್ತಮ. ಲೇಬಲ್ಲು, ಉತ್ತಮ.
ಹಾಡು...
ಸುಳ್ಳು ಬರೆದು ರೂಢಿಯಿಲ್ಲ. ಕಳಪೆ. ಐವತ್ತು ಸೆಂಟು.

ಹುಡುಗ ಚೀಟಿ ಓದಿದ,
ನಲವತ್ತರ ದುಡ್ಡು ಎಣಿಸದೆ ಜೇಬಿಗಿಳಿಸಿ
ಅದೊಂದನ್ನು ಕೋಟಿನೊಳಗೆ ಸೇರಿಸಿಕೊಂಡು ಹೋದ.

ಮನೆಯಲ್ಲಿ ಪ್ಲೇಯರ್ ಇದೆಯೇ ಎಂದು
ಕೇಳುವುದನ್ನೇ ಹೆಲ್ವಿ ಮರೆತಳು.