ಮೇಲುನೀರು

ತದಡಿಯ ಈಚೆ ದಂಡೆಯಲ್ಲಿ, ಮಂಕಾಳಿಯ ಬಾವಿಯಲ್ಲಿ
ಎರಡು ನೀರು.
ಮೇಲಿನದು ಮಳೆಯದ್ದು, ಕೆಳಗಿನದು ಕಡಲಿನದ್ದು.
ನಡುವೆ ಗೋಡೆಯಿಲ್ಲ.
ಹಗುರಾದದ್ದು ಭಾರದ್ದರ ಮೇಲೆ ಮಲಗಿದೆ, ಅಷ್ಟೆ.

ನಾನು ಹೋದದ್ದು ಪಂಚಾಯ್ತಿಯ ಪೆಟ್ಟಿಗೆ ಹಿಡಿದು:
ಗಾಜಿನ ನಳಿಗೆ, ಬಣ್ಣ ತಿರುಗಿಸುವ ಹನಿ,
ಗೆರೆ ಎಳೆದ ಪುಸ್ತಕ.
ಕೊಡಪಾನ ಧಡಕ್ಕೆಂದು ಇಳಿಬಿಟ್ಟೆ.
"ಬಾವಿಯ ನಿದ್ದೆ ಕೆಡಿಸಿದ್ಯಲ್ಲೇ ತಂಗಿ"
ಒಳಗಿಂದಲೇ ಅಂದಳು, ಬರೀ ಸದ್ದು ಕೇಳಿ.
ನಳಿಗೆ ಉಪ್ಪು ಎಂದಿತು.
ಬರೆದೆ: ಕುಡಿಯಲು ಯೋಗ್ಯವಲ್ಲ.

"ನಾಳೆ ಬಾ, ಭರತ ಏರೋ ಹೊತ್ತಿಗೆ."

ಮರುದಿನ ಅವಳ ಕೈಯಲ್ಲಿ ಹಾಳೆಯ ಕೊಟ್ಟೆ,
ಅಂಗೈಯಷ್ಟೇ ಆಳ, ಎರಡು ಕಿವಿಗೆ ಎರಡು ಹಗ್ಗ.
ಬಂಗುಡೆ ಸಾರಿನ ಮೇಲಿನ ಎಣ್ಣೆ ಎತ್ತುವ ಹಾಗೆ
ನೀರಿಗೆ ಗೊತ್ತೇ ಆಗದಂತೆ
ಒಂದು ಪದರ ಎತ್ತಿದಳು.
ಒಂದು ಕೊಡಪಾನಕ್ಕೆ ನಲವತ್ತು ಸಲ.
ನಾನು ಮೂರು ಸಲ ಗಡಿಯಾರ ನೋಡಿದೆ.
ಕುಡಿದೆ. ಸಿಹಿ. ನಳಿಗೆಯೂ ಒಪ್ಪಿತು.

ಪಕ್ಕದ ಬಾವಿಗೆ ಪಂಪು ಕೂರಿಸಿದ್ದರಂತೆ, ಪೂಜೆ ಮಾಡಿ, ಪೇಡೆ ಹಂಚಿ.
ಒಂದು ತಾಸು ಸಿಹಿ ಬಂತು.
ಆಮೇಲೆ ಕಡಲು ಬಂತು, ಈವರೆಗೂ ಹೋಗಿಲ್ಲ.

ಬಟ್ಟೆಗೆ ಮಾತ್ರ ಕೊಡಪಾನ ಆಳಕ್ಕೇ ಬಿಡುತ್ತಾಳೆ,
ಅದೂ ಇಳಿಹೊತ್ತಿಗೆ, ಕುಡಿಯುವ ನೀರು ತುಂಬಿಟ್ಟ ಮೇಲೆ.
ದೋಣಿಯಿಂದ ಬಂದ ಅಂಗಿ, ಮೀನಿನ ರಕ್ತ, ಡೀಸೆಲ್ಲು.
ಈ ನೀರಿಗೆ ಸಾಬೂನು ಹಾಕಿದರೆ ಒಡೆದ ಹಾಲು.
ಅಂಟುವಾಳಕ್ಕೆ ಉಪ್ಪಿನ ಹಂಗಿಲ್ಲ:
ರಾತ್ರಿ ನೆನೆಹಾಕಿದ ಹತ್ತು ಕಾಯಿ
ಕಿವುಚಿದರೆ ಮೊಣಕೈವರೆಗೆ ನೊರೆ.
ಕೊನೆಗೆ ಒಂದೇ ತಂಬಿಗೆ ಮೇಲುನೀರು,
ಮೊಮ್ಮಗಳ ಶಾಲೆಯ ಲಂಗಕ್ಕೆ.
ಅಂಗಿಗಳು ಉಪ್ಪಲ್ಲೇ ಒಣಗುತ್ತವೆ,
ಹಪ್ಪಳದ ಹಾಗೆ ಸೆಟೆದು.

ನನಗೆ ಹಿಗ್ಗು. "ಎಷ್ಟು ಒಳ್ಳೇದಲ್ವಾ ಅಕ್ಕ,
ಇದರಲ್ಲಿ ವಿಷ ಇಲ್ಲ, ಏನಿಲ್ಲ."
ಮಂಕಾಳಿ ಕೈ ನಿಲ್ಲಿಸಿ ನನ್ನನ್ನು ನೋಡಿದಳು.
"ವಿಷ ಇಲ್ವಾ?
ನಮ್ಮಜ್ಜ ಇದನ್ನೇ ಜಜ್ಜಿ ಹಳ್ಳದ ಗುಂಡಿಗೆ ಹಾಕ್ತಿದ್ದ.
ಮೀನು ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದ್ದೊ,
ಮರಿಯೂ ಬಿಡದೆ.
ಆ ವರ್ಷ ಬುಟ್ಟಿ ತುಂಬ್ತು.
ಮುಂದಿನ ವರ್ಷ ಗುಂಡೀಲಿ ಕಪ್ಪೆ ಸೈತ ಇಲ್ಲ."

ಹೊಳೆ ಹತ್ತೇ ಹೆಜ್ಜೆ.
ಅವಳು ನೊರೆಯ ಬಾನಿ ಸೊಂಟಕ್ಕಿಟ್ಟು
ಹೊಳೆಗೆ ಬೆನ್ನು ಹಾಕಿ ನಡೆದಳು,
ಬಾವಿಯನ್ನೂ ದಾಟಿ, ಬೇಲಿಯ ಮೂಲೆಯ ತೆಂಗಿನವರೆಗೆ.
ಸೊಂಟ ನೋವು ಅಂತ ಬೈದುಕೊಳ್ಳುತ್ತಲೇ.
ತೆಂಗಿಗೆ ಉಪ್ಪೂ ಆದೀತು, ನೊರೆಯೂ ಆದೀತು.
ಮಣ್ಣು ಸೊರ್ರೆಂದು ಕುಡಿಯಿತು.

ಪುಸ್ತಕದಲ್ಲಿ ಹಳೆಯ ಸಾಲು ಹೊಡೆದು ಹಾಕಲು ಬರುವುದಿಲ್ಲ.
ಷರಾ ಎಂಬ ಕಾಲಂ ಎರಡು ಬೆರಳಗಲ.
ಭರತ, ಹಾಳೆಕೊಟ್ಟೆ, ನಲವತ್ತು ಸಲ, ಸೊಂಟ,
ಯಾವುದೂ ಹಿಡಿಸಲಿಲ್ಲ.
ಒಂದೇ ಮಾತು ಬರೆದೆ: ಮೆಲ್ಲಗೆ ಸೇದಿದರೆ ಯೋಗ್ಯ.

ಕುಮಟೆಯಿಂದ ಪುಸ್ತಕ ತಿರುಗಿ ಬಂದಿದೆ.
ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೇಳಿದ್ದಾರೆ:
ಮೆಲ್ಲಗೆ ಅಂದರೆ ಎಷ್ಟು?