ಕಿಲುಬು

ಬಿಣಗಾ ಏರಿನಲ್ಲಿ ಗೇರು ಮಾತು ಬಿಟ್ಟಿತು.
ಹಿಂದೆ ಹನ್ನೆರಡು ಹಲ್ಲುಚಕ್ರ; ಸರಪಳಿ ಮಾತ್ರ
ಎಲ್ಲಕ್ಕಿಂತ ಸಣ್ಣದಕ್ಕೆ ಜೋತುಬಿದ್ದು
ಹಟ ಹಿಡಿದಿದೆ.

ಬಲಗೈಯ ಗುಂಡಿ ಒತ್ತಿದೆ, ಒತ್ತಿಯೇ ಒತ್ತಿದೆ.
ಹಿಂದಿನ ಬ್ಯಾಟರಿ ಕಿತ್ತು, ಉಫ್ ಎಂದು ಊದಿ, ಮತ್ತೆ ಹಾಕಿದೆ.
ಫೋನು ನೋಡಿದರೆ: ಚಾರ್ಜು ತೊಂಬತ್ತೊಂದು, ಎಲ್ಲ ಸರಿ.
ಎಲ್ಲ ಸರಿ ಇರುವ ಸೈಕಲ್ಲನ್ನು
ತಳ್ಳಿಕೊಂಡು ಬೈತಖೋಲ ಬಂದರಿಗೆ ಇಳಿದೆ.

ಪುರಸು ತಾಂಡೇಲ, ಬೋಟುಗಳ ಮೀನು ತೋರಿಸುವ ಯಂತ್ರ
ರಿಪೇರಿ ಮಾಡುವವ, ಗೇರಿನ ಮೈಮೇಲಿನ
ಪುಟ್ಟ ಗುಂಡಿಯನ್ನು ಉಗುರಿನಿಂದ ಎರಡು ಸಲ ಒತ್ತಿದ.
ಸರಪಳಿ ಸರಕ್ಕನೆ ಜಿಗಿಯಿತು.
"ಇವನ ಕಾಲು ಗಟ್ಟಿ ಇದೆ. ಅಲ್ಲಿ, ಹ್ಯಾಂಡಲ್ಲಿನವನಿಗೆ
ಬಾಯಿ ಕಟ್ಟಿದೆ. ತೊಳೆದದ್ದು ಯಾವಾಗ?"

ನಿನ್ನೆ. ಮಾಜಾಳಿ ಮರಳಲ್ಲಿ ಓಡಿಸಿ, ಪೈಪು ಹಿಡಿದು.

ಗುಂಡಿಯ ಹಿಂದೆ ಮುಚ್ಚಳ, ಒಳಗೆ ಬಿಲ್ಲೆಯಂಥ ಸೆಲ್ಲು,
ಅದರಡಿ ಸಾಸಿವೆಯಷ್ಟು ಹಸಿರು ಕಿಲುಬು.
ಮಗಳ ಕಂಪಾಸಿನಿಂದ ಸ್ಟ್ರಾಬೆರಿ ವಾಸನೆಯ ರಬ್ಬರು ತಂದು
ತಿಕ್ಕಿದ, ತಪ್ಪು ಲೆಕ್ಕ ಅಳಿಸುವ ಹಾಗೆ.

ಟಿಕ್.

ಸೈಕಲ್ಲಿಗೆ ಎಷ್ಟು ಎಂದ. ಅರ್ಧ ಮಾಡಿ ಹೇಳಿದೆ.
"ಅಷ್ಟರಲ್ಲಿ ದೋಣಿಗೊಂದು ಎಂಜಿನ್ನು ಬರ್ತಿತ್ತು" ಎಂದು
ಮುಚ್ಚಳದ ಸ್ಕ್ರೂ ಬಿಗಿದ, ನನ್ನ ಮುಖ ನೋಡದೆ.

ಮತ್ತೆ ಅದೇ ಏರು. ಬೇಕಿಲ್ಲದಿದ್ದರೂ
ಒಂದು ಗೇರು ಮೇಲೆ, ಒಂದು ಕೆಳಗೆ, ಟಿಕ್, ಟಿಕ್.
ಬೆರಳಿಗೆ ಸ್ಟ್ರಾಬೆರಿ, ಬಂಗುಡೆ, ಉಪ್ಪು.
ಎಲ್ಲ ಸರಿ ಎಂದಿದ್ದ ಫೋನು
ಬೆನ್ನ ಜೇಬಿನಲ್ಲಿ ತೊಯ್ಯುತ್ತಿದೆ.